ರೊಟ್ಟಿಯ ಕೈ, ಮುಲಾಮಿನ ಕೈ

ಹೊಳೆಯ ದಂಡೆಯ ಆ ಮಠಕ್ಕೆ ಭಕ್ತರಿಗಿಂತ ನಾಯಿಗಳೇ ಹೆಚ್ಚು ಬರುತ್ತಿದ್ದವು. ಲಾರಿಗೆ ಸಿಕ್ಕಿದವು, ಕಲ್ಲೇಟು ತಿಂದವು, ಕಜ್ಜಿ ಹಿಡಿದವು. ಯಾರೋ ಗೋಣಿಚೀಲದಲ್ಲಿ ಹೊತ್ತು ತಂದು ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದರು.

ಮಠದ ಅಜ್ಜನವರು ಯಾವುದನ್ನೂ ಬೇಡ ಎನ್ನುತ್ತಿರಲಿಲ್ಲ. ಗುಣವಾದ ಮೇಲೆ ಒಂದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಒಳ್ಳೆಯ ಮನೆ ನೋಡಿ ಕೊಟ್ಟುಬಿಡುತ್ತಿದ್ದರು. ಹೆಸರಿಡುವುದೂ ಆ ಮನೆಯವರಿಗೇ ಬಿಟ್ಟದ್ದು.

ಒಮ್ಮೆ ಹಿಂಗಾಲು ಜಜ್ಜಿಹೋದ ಒಂದು ಕಂದು ಹೆಣ್ಣುನಾಯಿ ಬಂತು. ದಿನಕ್ಕೆರಡು ಸಲ ಗಾಯ ತೊಳೆದು, ಮುಲಾಮು ಹಚ್ಚಿ ಪಟ್ಟಿ ಕಟ್ಟಬೇಕು, ತಪ್ಪಿದರೆ ಕಾಲು ಉಳಿಯುವುದಿಲ್ಲ ಎಂದರು ದನದ ಡಾಕ್ಟರು. ಅಜ್ಜನವರು ಆ ಕೆಲಸವನ್ನು ಶಿಷ್ಯ ರೇವಯ್ಯನಿಗೆ ವಹಿಸಿದರು.

ರೇವಯ್ಯ ಶ್ರದ್ಧೆಯವನೇ. ಆದರೆ ಅವನು ಬಿಸಿನೀರಿನ ತಂಬಿಗೆ ಹಿಡಿದು ಬರುವುದು ಕಂಡರೆ ಸಾಕು, ನಾಯಿ ಹಲ್ಲು ಕಿರಿದು ಗುರ್ರೆನ್ನುತ್ತಿತ್ತು. ಮಧ್ಯಾಹ್ನ ಅಜ್ಜನವರು ಒಂದು ತುಣುಕು ರೊಟ್ಟಿ ಹಾಕಲು ಬಂದರೆ, ಅದೇ ನಾಯಿ ಬಾಲವಷ್ಟೇ ಅಲ್ಲ, ಸೊಂಟವನ್ನೂ ಕುಣಿಸುತ್ತಿತ್ತು.

ರೇವಯ್ಯನ ಹೊಟ್ಟೆ ಉರಿಯಿತು. ಗುರುವಿನ ಮೇಲೆಯೇ ಹೊಟ್ಟೆಕಿಚ್ಚು, ಅದೂ ಒಂದು ಬೀದಿನಾಯಿಗಾಗಿ! ಅವನಿಗೇ ನಾಚಿಕೆಯಾಯಿತು. ನಾಚಿಕೊಂಡರೂ ಉರಿ ಕಡಿಮೆಯಾಗಲಿಲ್ಲ.

"ಅಜ್ಜಾರ, ಕೀವು ಒರಸಾಂವ ನಾನು. ಬಾಲ ಅಲ್ಲಾಡಸೂದು ನಿಮ್ಮ ಮುಂದ. ಇದ್ಯಾವ ನ್ಯಾಯರೀ?"

"ಹಂಗಾರ ರೊಟ್ಟಿನೂ ನೀನ ಹಾಕು," ಎಂದು ಅಜ್ಜನವರು ಕೈಯಲ್ಲಿದ್ದ ತುಣುಕನ್ನು ಅವನಿಗೆ ಕೊಟ್ಟು ಹೊರಟುಹೋದರು.

ರೇವಯ್ಯ ರೊಟ್ಟಿ ಚಾಚಿದ. ನಾಯಿ ಅವನ ಕೈ ಮೂಸಿತು. ಮುಲಾಮಿನ ವಾಸನೆ ಬಡಿಯಿತೋ ಏನೋ, ಮುಖ ತಿರುಗಿಸಿ, ಅಜ್ಜನವರು ಹೋದ ದಾರಿಯನ್ನೇ ನೋಡುತ್ತ ಮಲಗಿತು.

ಅಂದು ಸಂಜೆ ಅವನು ಗಾಯ ತೊಳೆಯಲಿಲ್ಲ. ಒಂದು ಹೊತ್ತು ತಪ್ಪಿದರೆ ಏನಾದೀತು ಎಂದುಕೊಂಡ. ಮರುದಿನವೂ ಹಾಗೆಯೇ ಅಂದುಕೊಂಡ. ಕೈಯನ್ನು ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ತೊಳೆದು, ರೊಟ್ಟಿಗೆ ಬೆಣ್ಣೆ ಸವರಿಕೊಂಡು ಹೋದ.

ಮೂರನೆಯ ದಿನ ನಾಯಿ ಅವನ ಕೈ ನೆಕ್ಕಿತು. ರೇವಯ್ಯ ಹಿಗ್ಗಿ ಹೀರೇಕಾಯಿಯಾದ. ಕದ್ದು ಅದಕ್ಕೊಂದು ಹೆಸರನ್ನೂ ಇಟ್ಟ, ಕೆಂಚಿ ಎಂದು. ಅಜ್ಜನವರು ಹಾದುಹೋಗುವಾಗ ಬೇಕೆಂದೇ ಅದನ್ನು ಮುದ್ದಾಡಿದ.

ಐದನೆಯ ದಿನ ನಾಯಿ ರೊಟ್ಟಿ ಮುಟ್ಟಲಿಲ್ಲ. ಅಜ್ಜನವರು ಬಂದು ಕೂತು ಪಟ್ಟಿ ಬಿಚ್ಚಿದರು. ಗಾಯದ ತುಂಬ ಹುಳ ಮಿಜಿಗುಡುತ್ತಿದ್ದವು.

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. "ಈ ಹುಳ ಎಲ್ಲಾ ತಗೀರಿ. ಒಂದು ವಾರ ನೋಡೂಣು. ಮಾಯಲಿಲ್ಲಂದ್ರ ಕಾಲು ಕತ್ತರಸಬೇಕಾಗತೈತಿ," ಎಂದು ಹೇಳಿ ಹೋದರು.

ರೇವಯ್ಯ ಗೋಡೆಗೊರಗಿ ನಿಂತಿದ್ದ. ಬೈಗುಳಕ್ಕಾಗಿ ಕಾಯುತ್ತಿದ್ದ.

"ನಿನ್ನ ಕೈ ನೆಕ್ಕತಿತ್ತಲ್ಲ ತಮ್ಮಾ," ಎಂದರು ಅಜ್ಜನವರು.

"ಹೌದ್ರೀ."

"ಯಾವ ಕೈ?"

ರೇವಯ್ಯ ತಲೆ ತಗ್ಗಿಸಿ ಬಲಗೈ ಚಾಚಿದ.

ಅಜ್ಜನವರು ಆ ಕೈಯಲ್ಲಿ ಚಿಮಟ ಇಟ್ಟರು.

ನಾಯಿಯ ಬಾಯಿಗೆ ಬಟ್ಟೆ ಕಟ್ಟಿ ಅಜ್ಜನವರು ತಲೆ ಹಿಡಿದುಕೊಂಡರು. ರೇವಯ್ಯ ಒಂದೊಂದೇ ಹುಳ ತೆಗೆದ. ನಾಯಿ ಒದ್ದಾಡಿತು, ಬಟ್ಟೆಯೊಳಗೇ ಕೂಗಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ರೊಟ್ಟಿ ನೀವ ಹಾಕ್ರಿ ಅಜ್ಜಾರ," ಎಂದ ಕೊನೆಗೆ. "ನನಗ ಇದ ಸಾಕು."

ಅಂದಿನಿಂದ ಅವನು ಒಂದು ಹೊತ್ತೂ ತಪ್ಪಿಸಲಿಲ್ಲ. ನಾಯಿಯೂ ಒಂದು ಹೊತ್ತೂ ಗುರ್ರೆನ್ನುವುದನ್ನು ತಪ್ಪಿಸಲಿಲ್ಲ. ಹೊಟ್ಟೆಕಿಚ್ಚು ಹೋಯಿತೆಂದಲ್ಲ. ಅಜ್ಜನವರ ಮುಂದೆ ಅದರ ಸೊಂಟ ಕುಣಿದಾಗಲೆಲ್ಲ ಉರಿಯುತ್ತಿತ್ತು. ಉರಿದುಕೊಳ್ಳುತ್ತಲೇ ಎದ್ದು ಹೋಗಿ ನೀರು ಕಾಸುತ್ತಿದ್ದ.

ವಾರ ಕಳೆದಾಗ ಡಾಕ್ಟರು ಕಾಲು ಉಳಿಯಿತು ಎಂದರು. ಎರಡು ತಿಂಗಳಿಗೆ ಪಟ್ಟಿಯನ್ನೂ ಬಿಚ್ಚಿದ್ದಾಯಿತು.

ಹೊಳೆಯಾಚೆಯ ಅಂಬಿಗರ ಹುಲಿಗೆವ್ವ ತನಗೊಂದು ನಾಯಿ ಬೇಕೆಂದು ಬಂದಳು. ಕಂದು ನಾಯಿಯ ಕಿವಿ ತುರಿಸಿ, "ಬಾ ನನ್ನವ್ವಾ, ಬಾ ಚಂಪೀ," ಎಂದಳು. ನಾಯಿ ಅವಳ ಹಿಂದೆಯೇ ಓಡಿ, ಚಂಗನೆ ಹಾರಿ ದೋಣಿಯಲ್ಲಿ ಕೂತಿತು. ಕೆಂಚಿ ಎಂಬ ಹೆಸರು ರೇವಯ್ಯನ ಬಾಯಲ್ಲೇ ಉಳಿಯಿತು.

ದೋಣಿ ಆಚೆ ದಡ ಮುಟ್ಟುವವರೆಗೂ ಅವನು ಮೆಟ್ಟಿಲ ಮೇಲೆ ನಿಂತಿದ್ದ. ಈಗ ಹುಲಿಗೆವ್ವನ ಮೇಲೆ ಹೊಟ್ಟೆ ಉರಿಯುತ್ತಿತ್ತು.

"ಒಮ್ಮೆ ತಿರುಗಿ ನೋಡಲೂ ಇಲ್ಲರೀ ಅಜ್ಜಾರ," ಎಂದ.

ಅಜ್ಜನವರು ಆಚೆಯ ಮರಳಿನಲ್ಲಿ ಓಡುತ್ತಿದ್ದ ನಾಯಿಯನ್ನೇ ನೋಡುತ್ತಿದ್ದರು.

"ಹೌದು ತಮ್ಮಾ. ಕುಂಟಲೂ ಇಲ್ಲ."