ಒಂದೇ ಅಳತೆಯ ದೊನ್ನೆ

ಮಕ್ಕಳೇ, ಮುತ್ತುಗದ ಮರಗಳು ಒತ್ತಾಗಿ ಬೆಳೆದ ಕಾಡೊಂದರಲ್ಲಿ ಒಂದು ಕೆರೆಯಿತ್ತು. ಅದರ ದಂಡೆಯಲ್ಲಿ ಮಿಂಚಿ ಎಂಬ ಅಳಿಲು ಎಲೆಯ ದೊನ್ನೆ ಮಾಡಿಸುತ್ತಿತ್ತು. ಕಪ್ಪು ಮೋರೆಯ ಕೋತಿ ಮುಸುವ ಮರ ಹತ್ತಿ ಎಲೆ ಕೊಯ್ದು ತರುತ್ತಿತ್ತು. ಗೌರಕ್ಕ ಎಂಬ ಸಿಂಪಿಗ ಹಕ್ಕಿ ಕೊಕ್ಕನ್ನೇ ಸೂಜಿ ಮಾಡಿಕೊಂಡು ನಾರಿನಿಂದ ಹೊಲಿಯುತ್ತಿತ್ತು.

ಮಿಂಚಿಗೆ ಕೂತಲ್ಲಿ ಕೂರಲಾಗದು. ಸಾಲದ್ದಕ್ಕೆ ಕರಡಿಯಮ್ಮ ಬಂದು, "ನನ್ನ ಮರಿಯ ನಾಮಕರಣಕ್ಕೆ ಎಲ್ಲರಿಗೂ ಜೇನು ಹಂಚಬೇಕು. ದೊನ್ನೆ ಸೋರಿದರೆ ಮತ್ತೆ ನಿನ್ನ ಹತ್ತಿರ ಬರುವುದಿಲ್ಲ" ಎಂದು ಹೇಳಿಹೋಯಿತು. ಅಂದಿನಿಂದ ಅಳಿಲಿನ ಬಾಲ ಒಂದು ಗಳಿಗೆಯೂ ನಿಲ್ಲಲಿಲ್ಲ.

ಒಂದೊಂದು ದೊನ್ನೆ ಮುಗಿದಾಗಲೂ ಓಡಿಬಂದು ನೀರು ತುಂಬಿಸಿ ನೋಡುತ್ತಿತ್ತು. "ಇದು ತುಸು ದೊಡ್ಡದು. ಮುಂದಿನದು ಚಿಕ್ಕದಾಗಿ ಹೊಲಿ."

ಗೌರಕ್ಕ ಹಾಗೇ ಹೊಲಿಯಿತು.

"ಇದು ತೀರಾ ಚಿಕ್ಕದಾಯಿತು. ಮಡಿಕೆ ಕಡಿಮೆ ಮಾಡು."

"ಎಲೆಗಳೇ ಒಂದರ ಹಾಗೆ ಒಂದಿಲ್ಲ, ಮಿಂಚಿ. ಚೂರು ಹೆಚ್ಚುಕಡಿಮೆ ಆಗೇ ಆಗುತ್ತೆ. ನನ್ನ ಪಾಡಿಗೆ ಬಿಡು."

"ಬಿಟ್ಟರೆ ಕೆಲಸ ಕೆಡುತ್ತೆ."

ಸಂಜೆಯ ಹೊತ್ತಿಗೆ ಒಂದು ದೊನ್ನೆ ಸೌಟಿನಷ್ಟಿತ್ತು, ಇನ್ನೊಂದು ಬುಟ್ಟಿಯಷ್ಟಿತ್ತು.

ಮರುದಿನ ಬೆಳಿಗ್ಗೆ ಇನ್ನೂ ಕೆಟ್ಟದ್ದಾಯಿತು. ಹೊಸ ದೊನ್ನೆಗಳೆಲ್ಲ ಸೋರತೊಡಗಿದವು.

"ನಿನ್ನ ಮನಸ್ಸು ಕೆಲಸದ ಮೇಲಿಲ್ಲ" ಎಂದು ಮಿಂಚಿ ಗೌರಕ್ಕನ ಮೇಲೆ ಹರಿಹಾಯ್ದಿತು.

ಗೌರಕ್ಕ ಬಾಯಲ್ಲಿದ್ದ ನಾರನ್ನು ಕೆಳಗಿಟ್ಟಿತು. "ಇಷ್ಟು ದಿನ ಸೋರದ್ದು ಇವತ್ತು ಯಾಕೆ ಸೋರಿತು ಅಂತ ನೀನು ಕೇಳಲೇ ಇಲ್ಲ" ಎಂದು ಹಾರಿಹೋಯಿತು.

ನಾಮಕರಣ ಮರುದಿನವೇ. ಬೇರೆ ದಾರಿಯಿಲ್ಲದೆ ಮಿಂಚಿ ತಾನೇ ಹಲ್ಲಿನಿಂದ ಹೊಲಿಯಲು ಕೂತಿತು. ಒಂದು ಹೊಲಿಯಿತು, ಅಳೆಯಿತು. ಅದೇ ರೀತಿ ಇನ್ನೊಂದು ಹೊಲಿಯಿತು. ಎಷ್ಟು ಎಚ್ಚರ ವಹಿಸಿದರೂ ಎರಡೂ ಒಂದೇ ಆಗಲಿಲ್ಲ. ಬೈಯೋಣವೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮೂರನೆಯ ಎಲೆ ಮಡಿಸುವಾಗಲೇ ಚರ್ರನೆ ಸೀಳಿತು. ಇನ್ನೂ ಹೊಲಿಗೆಯೇ ಹಾಕಿರಲಿಲ್ಲ! ಮಿಂಚಿ ರಾಶಿಯ ಅಡಿಯಿಂದ, ಮೊದಲು ತಂದಿದ್ದ ಎಲೆಯೊಂದನ್ನು ಎಳೆದು ಮಡಿಸಿತು. ಅದು ಮೆತ್ತಗೆ ಬಾಗಿತು.

ಅಳಿಲು ಮುಸುವನ ಬಳಿ ಓಡಿತು. "ಈ ಸೀಳಿದ ಎಲೆ ಎಲ್ಲಿಯದು?"

"ಬಂಡೆಯಾಚೆಯ ಮರದ್ದು. ಮೊದಲು ಕೊಯ್ಯುತ್ತಿದ್ದ ಮರದಲ್ಲಿ ಕಡಜ ಗೂಡು ಕಟ್ಟಿದೆ. ಬಂಡೆಯ ಹತ್ತಿರ ಬಿಸಿಲು ಜಾಸ್ತಿ, ಎಲೆ ಒರಟು."

"ನನಗ್ಯಾಕೆ ಹೇಳಲಿಲ್ಲ?"

"ನೀನು ನಿಂತು ಕೇಳಿದ್ದು ಯಾವಾಗ?" ಎಂದಿತು ಮುಸುವ.

ಮಿಂಚಿಗೆ ನಾಚಿಕೆಯಾಯಿತು. ನೆರಳಲ್ಲಿ ಬೆಳೆದ ಬೇರೆ ಮರವೊಂದನ್ನು ಮುಸುವನಿಗೆ ತೋರಿಸಿ, ನೇರವಾಗಿ ಗೌರಕ್ಕನ ಗೂಡಿಗೆ ಹೋಯಿತು. "ಎಲೆಯ ತಪ್ಪಿಗೆ ನಿನ್ನನ್ನು ಬೈದೆ. ಕೋಪ ಬಿಟ್ಟು ಬಾ."

"ಬರುತ್ತೇನೆ" ಎಂದಿತು ಗೌರಕ್ಕ. "ಆದರೆ ನಾನು ಹೊಲಿಯುವಾಗ ನೀನು ಕೆರೆಯ ಆಚೆ ದಂಡೆಯಲ್ಲಿರಬೇಕು."

ಆಚೆ ದಂಡೆಯಲ್ಲಿ ಮಿಂಚಿ ಹುಲ್ಲು ಕಚ್ಚುತ್ತಾ, ಎದ್ದು ಕೂತು ಒದ್ದಾಡಿತು. ಆದರೂ ಕೆರೆ ಸುತ್ತಿ ಬರಲಿಲ್ಲ.

ನಾಮಕರಣದಲ್ಲಿ ಒಂದು ಹನಿ ಜೇನೂ ಸೋರಲಿಲ್ಲ. ಮುಳ್ಳುಹಂದಿಯ ದೊನ್ನೆಗಿಂತ ಮೊಲದ ದೊನ್ನೆ ತುಸು ಚಿಕ್ಕದಿತ್ತು. ಮಿಂಚಿ ಅದನ್ನು ಕಂಡಿತು, ಬಾಯಿ ತೆರೆಯಿತು, ಹಾಗೇ ಮುಚ್ಚಿಕೊಂಡಿತು. ಮೊಲ ಮಾತ್ರ ಕಣ್ಣುಮುಚ್ಚಿ ಜೇನು ನೆಕ್ಕುತ್ತಿತ್ತು.

ನೀತಿ: ಸಣ್ಣ ಹೆಚ್ಚುಕಡಿಮೆ ಎಲ್ಲ ಕೆಲಸದಲ್ಲೂ ಸಹಜ, ಅದರ ಬೆನ್ನು ಹತ್ತಿದರೆ ಕೆಲಸವೇ ಕೆಡುತ್ತದೆ, ಆದರೆ ಇದ್ದಕ್ಕಿದ್ದಂತೆ ಕೆಲಸ ಕೆಟ್ಟಾಗ ಬೈಯಲು ಯಾರನ್ನೋ ಹುಡುಕದೆ, ಏನು ಬದಲಾಯಿತೆಂದು ಹುಡುಕಬೇಕು.