ತಿಂಗಳಿಯ ಖಾಲಿ ಉಡಿ

ಲೋಕ ಆಗಷ್ಟೇ ಹುಟ್ಟಿತ್ತು. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಇನ್ನೂ ಗೊತ್ತಿರಲಿಲ್ಲ. ಆಗ ಆಕಾಶಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಭೂಮಿ, ಚಿಕ್ಕವಳು ತಿಂಗಳಿ. ನೀವು ಚಂದಮಾಮ ಅನ್ನುವುದು ಇವಳನ್ನೇ. ಮಾಮನಂತೆ ಮಾಮ! ನಮ್ಮಜ್ಜಿಯ ಕತೆಯಲ್ಲಿ ಅವಳು ಹುಡುಗಿ, ನಾನೂ ಹಾಗೇ ಹೇಳುತ್ತೇನೆ.

ಅವರ ಅಪ್ಪ ಸೂರ್ಯ ಬಲು ಸಿಡುಕ. ಅವನ ಉಸಿರೆಂದರೆ ಬೆಂಕಿಪುಡಿ ಬೆರೆತ ಬಿಸಿಗಾಳಿ. ಆಕಾಶದ ಬಯಲಿನ ತುಂಬ ಅದೊಂದೇ ಬೀಸುತ್ತಿತ್ತು. ಅಲ್ಲಿ ಮೋಡವಿಲ್ಲ, ಮಳೆಯಿಲ್ಲ, ಗುಡುಗೂ ಇಲ್ಲ.

ಮಕ್ಕಳು ತಮ್ಮ ತಮ್ಮ ಮನೆಗೆ ಹೊರಟ ದಿನ ತಾಯಿ ಇಬ್ಬರಿಗೂ ಸೆರಗೊಡ್ಡಲು ಹೇಳಿ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ ಆಗಿನ್ನೂ ಹುಟ್ಟಿರಲಿಲ್ಲ. ಅದಕ್ಕೇ ತಂಗಾಳಿ ಹಾಕಿದಳು, ಮೋಡ ಹಾಕಿದಳು, ಮಳೆ, ಮಂಜು, ಇಬ್ಬನಿ ಹಾಕಿದಳು.

"ಬಿಗಿಯಾಗಿ ಹಿಡ್ಕೊಳ್ಳಿ. ಮನೆ ಮುಟ್ಟೋ ತನಕ ಬಿಚ್ಚಬೇಡಿ. ನಿಮ್ಮಪ್ಪನ ಉಸಿರಿಗೆ ಇದು ನಿಲ್ಲೋದಿಲ್ಲ" ಎಂದಳು.

ಭೂಮಿ ಗಟ್ಟಿಗಿತ್ತಿ. ಸೆರಗಿನ ಎರಡು ತುದಿಗೂ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ತಿಂಗಳಿ ಸಣ್ಣವಳು, ಅವಳ ಮುಷ್ಟಿಯೂ ಸಣ್ಣದು. ಎರಡೂ ಕೈಯಲ್ಲಿ ಅವುಚಿಕೊಂಡು ನಡೆದಳು.

ಅರ್ಧ ದಾರಿಯಲ್ಲಿ ಭೂಮಿಗೆ ಹೊಟ್ಟೆಕಿಚ್ಚು ಶುರುವಾಯಿತು. ಅಮ್ಮ ಚಿಕ್ಕವಳಿಗೇ ಹೆಚ್ಚು ಹಾಕಿರಬೇಕು!

"ತಿಂಗಳಿ, ನಿನ್ನ ಉಡಿ ತೋರಿಸೇ."

"ಅಮ್ಮ ಬೇಡ ಅಂದಿದಾಳಲ್ಲ, ಅಕ್ಕಾ."

"ಒಂಚೂರು ತೋರಿಸು. ನಾನೇನು ತಿಂದುಬಿಡ್ತೀನಾ?"

ಅಕ್ಕ ಕೇಳಿದಳಲ್ಲ ಎಂದು ತಿಂಗಳಿ ಸೆರಗು ಸಡಿಲಿಸಿದಳು. ಅದೇ ಹೊತ್ತಿಗೆ ಸೂರ್ಯ ಉಸ್ಸೆಂದ. ತಂಗಾಳಿ ಹೋಯಿತು, ಮೋಡ ಹೋಯಿತು, ಮಳೆ ಹೋಯಿತು. ಸಣ್ಣ ಮುಷ್ಟಿಯಲ್ಲಿ ಒಂದೂ ನಿಲ್ಲಲಿಲ್ಲ.

ಅದೇ ಉಸಿರು ಭೂಮಿಗೂ ಬಡಿಯಿತು. ಗಂಟು ಗಟ್ಟಿಯಿತ್ತು, ಬಿಚ್ಚಲಿಲ್ಲ. ಬೆಂಕಿಪುಡಿ ಆ ಎರಡು ಗಂಟುಗಳ ಸುತ್ತ ಹಸಿರಾಗಿ, ಕೆಂಪಾಗಿ ಹೊಳೆಯಿತು. ತೀರಾ ಉತ್ತರದ, ತೀರಾ ದಕ್ಷಿಣದ ಹಿಮದ ನಾಡಿಗೆ ಹೋದವರು ಆ ಬೆಳಕನ್ನು ಇಂದಿಗೂ ಕಾಣುತ್ತಾರೆ.

ತಿಂಗಳಿಗೆ ಅಳು ಬಂತು. ಆದರೆ ಕಣ್ಣೀರಿಗೂ ನೀರು ಬೇಕಲ್ಲ! ಅವಳ ಮನೆಯಲ್ಲಿ ಬಿಸಿಲು ಬಿದ್ದ ಕಡೆ ಸುಡುಸುಡು, ನೆರಳಿನ ಕಡೆ ಕೊರೆಯುವ ಚಳಿ. ನೆಲದ ಮೇಲೆ ಮೂಡಿದ ಹೆಜ್ಜೆಯನ್ನು ಅಳಿಸಲು ಗಾಳಿಯೂ ಇಲ್ಲ.

ಭೂಮಿ ಇದನ್ನು ನೋಡಿದಳು. ಬಿಚ್ಚಿಸಿದ್ದು ತಾನೇ ಅಲ್ಲವೇ? ಉಡಿಯೊಳಗಿನ ಕಡಲಿನಿಂದ ಬೊಗಸೆ ತುಂಬ ನೀರೆತ್ತಿ ಹಿಡಿದಳು.

"ತಗೊಳ್ಳೇ ತಂಗೀ, ನನ್ನದರಲ್ಲಿ ಅರ್ಧ ನಿಂಗೆ."

"ಇನ್ನೂ ಸ್ವಲ್ಪ ಎತ್ತಕ್ಕಾ, ಕೈಗೆ ಸಿಗ್ತಿಲ್ಲ."

ಸೊಂಟದ ಗಂಟು ಬಿಚ್ಚಿದ್ದರೆ ಇನ್ನಷ್ಟು ಚಾಚಬಹುದಿತ್ತು. ಆದರೆ ಉಡಿಯೊಳಗೆ ಆಗಲೇ ಹುಲ್ಲು ಮೊಳೆತಿತ್ತು, ಇರುವೆ ಓಡಾಡುತ್ತಿತ್ತು. ಬಿಚ್ಚಿದರೆ ಅವೂ ಉಳಿಯುವುದಿಲ್ಲ. ಭೂಮಿ ಬಿಚ್ಚಲಿಲ್ಲ. ನೀರನ್ನು ಕೆಳಗಿಳಿಸಿದಳು, ಸುಮ್ಮನಿರಲಾರದೆ ಮತ್ತೆ ಎತ್ತಿದಳು.

ಅಂದಿನಿಂದ ತಿಂಗಳಿಯ ಮನೆಯಲ್ಲಿ ಮಳೆಯಿಲ್ಲ. ಅಂದಿನಿಂದಲೇ ನಮ್ಮ ಕಡಲು ದಿನಕ್ಕೆರಡು ಸಲ ಉಬ್ಬಿ ದಡ ಹತ್ತುತ್ತದೆ, ಕೊಡಲಾಗದೆ ಇಳಿದುಹೋಗುತ್ತದೆ.