ಆಯುಧಪೂಜೆಯ ದಿನದ ಪರೀಕ್ಷೆ

"ಗುರುಗಳೇ, ಕಂಪ್ಯೂಟರ್ ಜಾಲದಲ್ಲಿ ದೌರ್ಬಲ್ಯ ಎಲ್ಲಿದೆ ಎಂದು ಕಂಡುಹಿಡಿಯಬಲ್ಲವನು ಊರನ್ನು ಉಳಿಸಬಲ್ಲನಲ್ಲವೇ?" ಎಂದು ಶಿಷ್ಯ ನಿಜಗುಣ ಕೇಳಿದ. ಅವನು ಆ ವಿದ್ಯೆ ಕಲಿಯಲು ಹೊರಟಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕುಡಿಯುವ ನೀರನ್ನು ಶುದ್ಧ ಮಾಡುವ ಘಟಕವಿತ್ತು. ಗೇಟು ತೆರೆಯುವುದು, ಕ್ಲೋರಿನ್ ಬೆರೆಸುವುದು, ಎಲ್ಲವೂ ಕಂಪ್ಯೂಟರುಗಳ ಕೆಲಸ. ಅವೆಲ್ಲ ಒಂದೇ ಜಾಲದಲ್ಲಿದ್ದವು. ಹೊರಗಿನವರು ಅದರೊಳಗೆ ನುಸುಳಬಹುದೇ ಎಂದು ನೋಡಲು ಅದೇ ಊರಿನ ಒಬ್ಬ ಪರೀಕ್ಷಕನನ್ನು ಕರೆಸಿದರು. ಅವನ ಮನೆಯಲ್ಲಿ ಒಂದು ಕೂಸಿತ್ತು. ಅದಕ್ಕೆ ಕುಡಿಸುವುದೂ ಅದೇ ನೀರು. ಹಾಗಾಗಿ ಅವನು ಮನಸ್ಸಿಟ್ಟು ಬಂದ. ಘಟಕ ನಡೆಯುತ್ತಿರುವಾಗಲೇ ಜಾಲವನ್ನು ತಟ್ಟಿ ನೋಡಲು ಮುಖ್ಯಸ್ಥನ ಅಪ್ಪಣೆ ಕೇಳಿದ.

"ನಡೆಯುವಾಗ ಮಾತ್ರ ಮುಟ್ಟಬೇಡಿ ಸಾರ್," ಎಂದ ಮುಖ್ಯಸ್ಥ. "ಹಳೇ ಯಂತ್ರ. ಪಕ್ಕದಲ್ಲಿ ಕೆಮ್ಮಿದರೂ ನಿಂತುಬಿಡುತ್ತೆ."

"ಕೆಮ್ಮಿದರೆ ನಿಲ್ಲುತ್ತೆ ಅನ್ನೋದೇ ದೌರ್ಬಲ್ಯ. ಅಷ್ಟು ಬರೆದುಕೊಂಡು ಮನೆಗೆ ಹೋಗಲೇ?"

"ತಮಾಷೆ ಬೇಡ. ನೀರು ನಿಂತರೆ ಜನ ಕೊಡ ಹಿಡ್ಕೊಂಡು ಬರೋದು ನನ್ನ ಮನೆಗೆ, ನಿಮ್ಮ ಮನೆಗಲ್ಲ. ಆಯುಧಪೂಜೆ ದಿನ ಎಲ್ಲ ಆರಿಸಿರ್ತೀವಿ. ಅವತ್ತು ಬನ್ನಿ, ಬೇಕಾದಷ್ಟು ಮುಟ್ಟಿ."

ಆಯುಧಪೂಜೆಯ ದಿನ ಅವನು ಹೋದ. ಕಂಪ್ಯೂಟರುಗಳಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಒಂದೂ ಓಡುತ್ತಿರಲಿಲ್ಲ. ಆರಿದ ಯಂತ್ರದೊಳಗೆ ಯಾರೂ ನುಸುಳಲಾರರು, ಅವನಿಗೂ ಆಗಲಿಲ್ಲ. ಇದು ಪರೀಕ್ಷೆಯೇ ಅಲ್ಲ ಎಂದು ಹೇಳಿದ. ಮುಖ್ಯಸ್ಥ "ಬರೋ ವರ್ಷ ನೋಡೋಣ" ಎಂದು ಪುರಿ ಕಡಲೆಯ ಪ್ರಸಾದ ಕೈಗಿಟ್ಟ. ಪರೀಕ್ಷಕ ವರದಿಗೆ ಸಹಿ ಹಾಕಿದ. ದೌರ್ಬಲ್ಯ ಕಂಡುಬಂದಿಲ್ಲ ಎಂಬುದು ಸುಳ್ಳೇನೂ ಆಗಿರಲಿಲ್ಲ.

ದೀಪಾವಳಿಗೆ ಮುಂಚೆ, ಎಲ್ಲೋ ದೂರದಲ್ಲಿ ಕುಳಿತ ಯಾರೋ ಒಬ್ಬ ಆ ಜಾಲದೊಳಗೆ ನುಸುಳಿ ಕ್ಲೋರಿನ್ ನಿಲ್ಲಿಸಿದ. ಪರದೆಯ ಮೇಲಿನ ಅಂಕಿಗಳು ಮಾತ್ರ ಎಂದಿನಂತೆಯೇ ಕಾಣುವ ಹಾಗೆ ಮಾಡಿದ. ಕೆಟ್ಟ ನೀರು ಮನೆಮನೆಗೂ ಹರಿಯಿತು. ವಾಂತಿಭೇದಿ ಹಬ್ಬಿತು. ಪರೀಕ್ಷಕನ ಮನೆಯಲ್ಲಿ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು.

ನಿಜಗುಣ ಕೇಳಿದ: "ಅಷ್ಟು ಜೋಪಾನ ಮಾಡಿದವರು ಯಾರನ್ನೂ ತಡೆಯಲಿಲ್ಲವೇ, ಗುರುಗಳೇ?"

"ತಡೆದರಲ್ಲ, ಅಪ್ಪಣೆ ಕೇಳಿದವನನ್ನು."